ಮಗಳ ತಲೆಯ ಸ್ಕ್ಯಾನ್

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆಯಂಗಡಿ. ದರ್ಜಿ ಬಟ್ಟೆ ಕತ್ತರಿಸುತ್ತಿದ್ದ, ಮಗಳು ಹೊಲಿಯುತ್ತಿದ್ದಳು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡ ಅವನ ಅಕ್ಕ ಇಬ್ಬರ ಮೇಲೂ ಅಧಿಕಾರ ಚಲಾಯಿಸುತ್ತಿದ್ದಳು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು ಅವಳೇ. ಎದುರಾಡುವ ಎದೆಗಾರಿಕೆ ದರ್ಜಿಗಿರಲಿಲ್ಲ.

ಮಗಳ ಎಡಗಿವಿ ಚಿಕ್ಕಂದಿನಿಂದಲೂ ಸೋರುತ್ತಿತ್ತು. ಅಕ್ಕ ಅದಕ್ಕೆ ಹತ್ತಿ ತುರುಕಿ, ಮೇಲೆ ಕೂದಲು ಇಳಿಬಿಟ್ಟು ಬಾಚುತ್ತಿದ್ದಳು. ಮದುವೆಯಾಗಬೇಕಾದ ಹೆಣ್ಣಿನ ಕಾಯಿಲೆ ಹೊಸ್ತಿಲು ದಾಟಬಾರದೆಂಬುದು ಆ ಬೀದಿಯ ಮನೆಮನೆಯ ಕಟ್ಟುಪಾಡು. ಎಲ್ಲರೂ ಪಾಲಿಸುತ್ತಿದ್ದರು, ಯಾಕೆಂದು ಯಾರೂ ಕೇಳಿರಲಿಲ್ಲ.

ಆ ಸಲ ಜ್ವರ, ತಲೆನೋವು ಒಟ್ಟಿಗೇ ಬಂದವು. ಕಿವಿಯ ವೈದ್ಯೆ ನೋಡಿದ ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಅಕ್ಕ ಹುಡುಗಿಯನ್ನು ಮನೆಗೆ ಎಳೆದುಕೊಂಡು ಬಂದಳು.

"ಗಂಡಿನ ಕಡೆಯವರು ಬರೋ ಹೊತ್ತಲ್ಲಿ ತಲೆ ಸ್ಕ್ಯಾನ್ ಅಂದ್ರೆ, ಹುಡುಗಿಗೆ ತಲೆ ಸರಿಯಿಲ್ಲ ಅಂತಾರೆ. ಮದುವೆಯಾಗ್ಲಿ, ಆಮೇಲೆ ನೋಡೋಣ."

ದರ್ಜಿ ಹೂಂಗುಟ್ಟಿದ. ಹೂಂಗುಟ್ಟುವುದರಲ್ಲಿ ಅವನದು ಎತ್ತಿದ ಕೈ.

ಮರುದಿನ ಮಗಳು ಮಿಷನ್ ನಿಲ್ಲಿಸಿ ಕೈ ಚಾಚಿದಳು. "ಅಪ್ಪಾ, ಅದು ಕೊಡು... ಅದೇ, ಬಟ್ಟೆ ತುಂಡು ಮಾಡೋದು..."

ಕತ್ತರಿಯ ಸದ್ದು ಕೇಳುತ್ತಲೇ ಬೆಳೆದವಳಿಗೆ ಕತ್ತರಿಯ ಹೆಸರು ತೋಚುತ್ತಿರಲಿಲ್ಲ. ದರ್ಜಿ ಕೈಯಲ್ಲಿದ್ದ ಬಟ್ಟೆ ಕೆಳಗೆಸೆದ. ಮಗಳನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಟೇಬಿಟ್ಟ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಜೀವಮಾನದಲ್ಲೇ ಮೊದಲ ಸಲ ಅವನು ಅವಳನ್ನು ಪಕ್ಕಕ್ಕೆ ಸರಿಸಿದ.

ವೈದ್ಯೆ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಡಗಿವಿಯ ಮೇಲ್ಗಡೆ ಮಿದುಳಿನಲ್ಲಿ ಕಪ್ಪು ಮಚ್ಚೆ, ಸುತ್ತ ಬಳೆಯಂಥ ಬಿಳಿ ಗೆರೆ. ಕಿವಿಯ ಬ್ಯಾಕ್ಟೀರಿಯಾ ಮೂಳೆ ದಾಟಿ ಒಳಹೊಕ್ಕು ಕೀವು ಕಟ್ಟಿದೆ, ಮಾತು ತಡಕಾಡುವುದು ಅದರಿಂದಲೇ ಎಂದರು. ಚಿತ್ರದಲ್ಲಿ ಕಂಡದ್ದರಿಂದ ಎಲ್ಲಿಂದ ತೆಗೆಯಬೇಕೆಂದು ಗೊತ್ತಾಯಿತು. ಮದುವೆಯವರೆಗೆ ಕಾದಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ.

ಕೀವು ತೆಗೆದರು, ವಾರಗಟ್ಟಲೆ ಔಷಧಿ ಏರಿಸಿದರು. ಒಂದು ಬೆಳಿಗ್ಗೆ ಆಸ್ಪತ್ರೆಯ ಮಂಚದ ಮೇಲಿಂದ ಮಗಳು, "ಅಪ್ಪಾ, ನನ್ನ ಕತ್ತರಿ ಯಾರಿಗೂ ಕೊಡ್ಬೇಡ," ಎಂದಾಗ ದರ್ಜಿ ಖುಷಿಗೆ ಅತ್ತೇಬಿಟ್ಟ.

ಬೋಳಿಸಿದ ಕೂದಲು ಮತ್ತೆ ಬೆಳೆಯಿತು. ಮಿಷನ್ ಸದ್ದು, ಅಕ್ಕನ ಗದರಿಕೆ ಎಲ್ಲ ಮೊದಲಿನಂತಾಯಿತು. ಗಂಡಿನ ಕಡೆಯವರು ಬರುವ ದಿನ ಅಕ್ಕ ಫಿಲ್ಮನ್ನು ಬಟ್ಟೆಗಂಟಿನಡಿ ತಳ್ಳಿದಳು. ಚಹಾ ಕೊಟ್ಟ ಮೇಲೆ ಮಗಳೇ ಅದನ್ನು ಎಳೆದು ತಂದು ಅತಿಥಿಗಳ ಮುಂದಿಟ್ಟಳು.

"ಮುಚ್ಚಿಟ್ಟಿದ್ದಕ್ಕೇ ನಾನು ಸಾಯೋ ಹಾಗಾಗಿತ್ತು. ಇನ್ಮೇಲೆ ಮುಚ್ಚಿಡಲ್ಲ. ಬೇಡ ಅನಿಸಿದ್ರೆ ಈಗಲೇ ಹೇಳಿಬಿಡಿ."

ಹುಡುಗನ ತಾಯಿ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಂಬಂಧ ಕೈತಪ್ಪಿತೆಂದು ಅಕ್ಕ ತಲೆ ಮೇಲೆ ಕೈಹೊತ್ತು ಕೂತಳು. ದರ್ಜಿ ಮಾತ್ರ ತಲೆಯೆತ್ತಿ ಮಗಳನ್ನೇ ನೋಡುತ್ತಿದ್ದ.

"ನಮ್ಮ ಚಿಕ್ಕವಳಿಗೂ ಕಿವಿ ಸೋರ್ತದೆ," ಎಂದರು ಆಕೆ ಮೆಲ್ಲಗೆ. "ಯಾರಿಗೂ ಹೇಳಿಲ್ಲ. ಆ ಡಾಕ್ಟರು ಇವತ್ತು ಸಿಗ್ತಾರಾ?"

ದರ್ಜಿ ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ಚಪ್ಪಲಿ ಮೆಟ್ಟಿದ್ದಳು.

"ಸಿಗ್ತಾರೆ. ಮಗೂನ ಕರ್ಕೊಂಡು ಬನ್ನಿ, ನಾನೂ ಬರ್ತೀನಿ."