ಕಂಡಕ್ಟರ್ ಸೊಣ್ಣಪ್ಪನ ಭಾನುವಾರದ ಸುತ್ತು

"ನಿಧಾನ ಕಣ್ರಪ್ಪಾ, ತಲೆ ತಗುಲೀತು!" ಎಂದು ಮುತ್ತಮ್ಮ ಕೂಗುವಷ್ಟರಲ್ಲಿ ಆಸ್ಪತ್ರೆಯವರು ಸೊಣ್ಣಪ್ಪನ ಹೆಣವನ್ನು ಮೆಟಡಾರ್ ವ್ಯಾನಿನೊಳಕ್ಕೆ ತಳ್ಳಿಯಾಗಿತ್ತು. ಹೆಣಕ್ಕೇನು ನೋವು? ಆದರೂ ಅವಳು ಸೆರಗಿನಿಂದ ಗಂಡನ ಹಣೆ ಸವರಿದಳು.

ಮೈದುನ ಹನುಮಂತರಾಯಪ್ಪ ಮುಂದೆ ಬಗ್ಗಿ ಡ್ರೈವರಿಗೆ ಹೇಳಿದ. "ಜವರಪ್ಪಾ, ಎಲ್ಲೂ ನಿಲ್ಲಿಸ್ಬೇಡ. ಹೊತ್ತು ಮುಳುಗೋದ್ರೊಳಗೆ ಹೊಸಕೋಟೇಲಿ ಮಣ್ಣು ಮಾಡ್ಬೇಕು."

"ಶಿವಾಜಿನಗರದ ಮೇಲೆ ಹೋಗಪ್ಪ," ಎಂದಳು ಮುತ್ತಮ್ಮ. "ಇವರು ಜನಾನ ಸುತ್ತಿಸ್ತಿದ್ದ ಜಾಗ ಒಂದ್ಸಲ ನೋಡ್ಬೇಕು."

"ಹೆಣ ಇಟ್ಕೊಂಡು ಊರು ನೋಡೋದಾ ಅತ್ಗೆ? ನೋಡಿದೋರು ಏನಂದಾರು?"

"ಅಂದ್ಕೊಳ್ಲಿ ಬಿಡು. ಇವತ್ತು ಬಿಟ್ರೆ ನನ್ನನ್ಯಾರು ಇಲ್ಲಿಗೆ ಕರ್ಕೊಂಡ್ಬರ್ತಾರೆ?"

ಜವರಪ್ಪ ಕನ್ನಡಿಯಲ್ಲಿ ಒಮ್ಮೆ ಮುತ್ತಮ್ಮನನ್ನು ನೋಡಿ ಗೇರು ಹಾಕಿದ. ವ್ಯಾನು ಶಿವಾಜಿನಗರದ ಕಡೆಗೇ ತಿರುಗಿತು.

*

ಸೊಣ್ಣಪ್ಪ ಹೊಸಕೋಟೆ–ಶಿವಾಜಿನಗರ ಬಸ್ಸಿನ ಕಂಡಕ್ಟರ್. ಕೆಲಸಕ್ಕೆ ನಿವೃತ್ತಿಯಾಯಿತೇ ಹೊರತು ಬಾಯಿಗೆ ಆಗಲಿಲ್ಲ. ಭಾನುವಾರ ಬಂತೆಂದರೆ ಕಾಲೇಜು ಹುಡುಗರು, ಅವರ ಮೇಷ್ಟ್ರು, ಒಮ್ಮೊಮ್ಮೆ ಪರದೇಶದವರು, ಹೀಗೆ ಸಿಕ್ಕವರನ್ನೆಲ್ಲ ಕಟ್ಟಿಕೊಂಡು ಶಿವಾಜಿನಗರದ ಚರ್ಚು, ಯೆಹೂದಿ ಸಾಹುಕಾರನೊಬ್ಬ ಕಟ್ಟಿಸಿದ ಹಳೇ ಜವಳಿ ಅಂಗಡಿ, ಕೊನೆಗೆ ದರ್ಗಾ ಸುತ್ತಿಸುತ್ತಿದ್ದ. ಫುಟ್‌ಪಾತಿನ ಮೇಲೂ ಸೀಟಿ ಊದಿ, "ಮುಂದೆ ನಡೀರಿ, ಮುಂದೆ ಖಾಲಿ ಇದೆ!" ಅನ್ನುತ್ತಿದ್ದನಂತೆ. ಅವನು ಹೇಳುವ ಕತೆಯಲ್ಲಿ ಅರ್ಧ ಬುರುಡೆ ಅಂತ ಹೊಸಕೋಟೆಗೆಲ್ಲ ಗೊತ್ತು.

ಅಷ್ಟೂ ಜನಕ್ಕೆ ಚಿತ್ರಾನ್ನ ಕಲಸಿ ಕಟ್ಟಿಕೊಡುತ್ತಿದ್ದವಳು ಮುತ್ತಮ್ಮ. ಒಂದು ಭಾನುವಾರ ಅವಳೂ ಒಳ್ಳೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು.

"ನೀನೆಲ್ಲಿಗೆ ಹೊರಟೆ?"

"ನಾನೂ ಬರ್ತೀನಿ."

"ಆ ಮಂಡಿ ಇಟ್ಕೊಂಡು ಎಷ್ಟು ದೂರ ನಡೀತೀಯೇ? ಮೊದ್ಲು ವಾಸಿಯಾಗ್ಲಿ, ಕರ್ಕೊಂಡ್ಹೋಗ್ತೀನಿ."

ಮಂಡಿ ವಾಸಿಯಾಗಲಿಲ್ಲ. ಕುಂಟುವ ಹೆಂಡತಿಯನ್ನು ನಾಲ್ಕು ಜನರ ಮುಂದೆ ಕರೆದೊಯ್ಯಲು ಇವನಿಗೆ ನಾಚಿಕೆ ಅಂತ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಬಾಯಿಬಿಟ್ಟು ಕೇಳಲಿಲ್ಲ. ಇನ್ನು ಕೇಳೋಣವೆಂದರೆ ಹೇಳುವವನೇ ಇಲ್ಲ.

*

ಚರ್ಚಿನ ಗೋಪುರ ಕಿಟಕಿಯಲ್ಲಿ ಸರಿದುಹೋಯಿತು. ಜವಳಿ ಅಂಗಡಿಯತ್ತ ಜವರಪ್ಪನೇ ಕೈ ತೋರಿಸಿದ; ಬಾಗಿಲು ಹಾಕಿತ್ತು. ಇದಕ್ಕಾ ಇಷ್ಟು ವರ್ಷ ಹಲುಬಿದ್ದು ಅನ್ನಿಸಿತು ಮುತ್ತಮ್ಮನಿಗೆ. ದರ್ಗಾದ ಹತ್ತಿರ ಗಾಡಿಗಳು ಸಿಕ್ಕಿಕೊಂಡು ವ್ಯಾನು ನಿಂತಿತು. ಹಿಂದೆ ಹೂವಿನ ಅಂಗಡಿ ಕಂಡಿತು.

"ಇವರಿಗೊಂದು ಹಾರ ತರ್ತೀನಿ," ಎಂದು ಅವಳು ಇಳಿದೇಬಿಟ್ಟಳು. ಹನುಮಂತರಾಯಪ್ಪ ಗೊಣಗುತ್ತ ಹೆಗಲು ಕೊಟ್ಟು ಕರೆದೊಯ್ದ.

ಬಗ್ಗಿ ಹೂ ಕಟ್ಟುತ್ತಿದ್ದ ಅಂಗಡಿಯ ಮುದುಕ ಪ್ಯಾರೇಜಾನ್ ಆಗಷ್ಟೇ ತಲೆ ಎತ್ತಿದ. "ಯಾರಿಗಮ್ಮಾ ಹಾರ?"

"ನಮ್ಮನೆಯೋರಿಗೆ. ಹೊಸಕೋಟೆ ಕಂಡಕ್ಟರ್ ಸೊಣ್ಣಪ್ಪ ಅಂತ. ಬೆಳಿಗ್ಗೆ ತೀರ್ಕೊಂಡ್ರು."

"ಯಾ ಅಲ್ಲಾ! ನಮ್ ಸೊಣ್ಣಪ್ಪಣ್ಣಾನಾ?" ಅವನು ಅಲ್ಲೇ ಕುಸಿದು ಕೂತ. ಆಮೇಲೆ ಕಣ್ಣೊರೆಸಿಕೊಂಡು, "ಹಂಗಾದ್ರೆ ನೀವು ಮುತ್ತಮ್ಮ," ಎಂದ.

"ನಿಮಗೆ ಹೆಂಗೆ ಗೊತ್ತು?"

"ಗೊತ್ತಿಲ್ದೆ ಏನಮ್ಮಾ! ಪ್ರತಿ ಭಾನುವಾರ ಇಲ್ಲೇ ನಿಂತು ಹೇಳೋರಲ್ಲ. ಚರ್ಚಲ್ಲಿ ನಮ್ ಮುತ್ತಮ್ಮ ಮೇಣದಬತ್ತಿ ಹಚ್ಚಿದ್ಲು, ಯೆಹೂದಿ ಅಂಗಡೀಲಿ ಒಂದು ಸೀರೆಗೆ ನನ್ನ ಸಂಜೆವರೆಗೂ ಕೂರಿಸಿದ್ಲು ಅಂತ. ಇಲ್ಲಿ ದರ್ಗಾದಲ್ಲಿ ಹೂವಿನ ಚಾದರ ಹೊದಿಸಿದ್ಮೇಲೆ ನಿಮ್ ಮಂಡಿನೋವು ಹೋಯ್ತಂತಲ್ಲ? ಈಗ ನನಗಿಂತ ಜೋರಾಗಿ ನಡೀತಾಳೆ, ಹಿಡಿಯೋಕೇ ಆಗಲ್ಲ ಅಂತ ನಗೋರು. ನಗ್ತಾ ನಗ್ತಾ ಕಣ್ಣಲ್ಲಿ ನೀರು ಹಾಕ್ಕೊಳ್ಳೋರು. ಯಾಕಂತ ನಂಗೆ ತಿಳೀತಾನೇ ಇರ್ಲಿಲ್ಲ."

"ಅತ್ಗೆ ಈ ಕಡೆ ಯಾವತ್ತು…" ಎಂದು ಹನುಮಂತರಾಯಪ್ಪ ಬಾಯಿ ತೆಗೆದ. ಮುತ್ತಮ್ಮ ಅವನ ತೋಳು ಜಿಗುಟಿದಳು. ಸುಳ್ಳ, ಮಹಾ ಸುಳ್ಳ, ಎಂದು ಒಳಗೇ ಬೈದಳು. ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

"ಹೌದು ಸಾಬ್ರೇ," ಎಂದಳು. "ಪೂರ್ತಿ ವಾಸಿಯಾಯ್ತು."

ಪ್ಯಾರೇಜಾನ್ ಗುಲಾಬಿ ಹಾರವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅವಳು ಮೈದುನನ ಹೆಗಲಿನಿಂದ ಕೈ ತೆಗೆದಳು. ಹಾರ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಗಾಡಿಗಳ ಸಂದಿಯಲ್ಲಿ ವ್ಯಾನಿನ ಕಡೆಗೆ ಹೊರಟಳು. ಮೇಲ್ತುಟಿಯ ಮೇಲೆ ಬೆವರು ಮೂಡಿತು. ಮುದುಕ ಅಂಗಡಿಯ ಮುಂದೆ ನಿಂತು ನೋಡುತ್ತಲೇ ಇದ್ದ.

ಮುತ್ತಮ್ಮ ಹಲ್ಲು ಕಚ್ಚಿ ಇನ್ನಷ್ಟು ಜೋರಾಗಿ ಹೆಜ್ಜೆ ಹಾಕಿದಳು.