ಲಗಮಣ್ಣನ ಗಾಡಿಯಲ್ಲಿ ನೀರು ನಿಲ್ಲುವುದಿಲ್ಲ

ಪಂಚಮಿ ನಾಳೆ ನಾಡಿದ್ದು ಅನ್ನುವಾಗ ಲಗಮಣ್ಣನ ಹಳೇ ಅಂಬಾಸಿಡರ್ ಮತ್ತೆ ಕುದಿಯುತ್ತ ಬಂದು ಕರೋಶಿ ಊರಿನ ಗ್ಯಾರೇಜಿನ ಮುಂದೆ ನಿಂತಿತು. ಬಾನೆಟ್ಟಿನ ಸಂದಿಯಿಂದ ಬುಸುಬುಸು ಉಗಿ. ಗ್ಯಾರೇಜಿಗೆ ಹತ್ತಿಕೊಂಡೇ ಇದ್ದ ಮನೆಯಲ್ಲಿ ಅರಳು ಹುರಿಯುತ್ತಿದ್ದ ಕಸ್ತೂರೆವ್ವ ಕಿಟಕಿಯಿಂದ ಇಣುಕಿ, "ಬಂದ ನೋಡ್ರಿ ನಿಮ್ಮ ಗಿರಾಕಿ" ಎಂದು ಗಂಡ ಮುರಗೆಪ್ಪನಿಗೆ ಕೂಗಿ ಹೇಳಿದಳು. ಒಡಹುಟ್ಟಿದ ತಮ್ಮನನ್ನು ಗಿರಾಕಿ ಅನ್ನಬೇಕಾದರೆ ಹೊಟ್ಟೆಯಲ್ಲಿ ಎಷ್ಟು ಬೆಂಕಿ ಇರಬೇಕು, ನೀವೇ ಹೇಳಿ!

ಬೆಂಕಿ ಇತ್ತು. ಮೂರು ವರ್ಷದ ಹಿಂದೆ, ಬಿರುಬೇಸಿಗೆಯಲ್ಲಿ, ಅಂಕಲಿಯ ತವರುಮನೆಯಲ್ಲಿ ಅವ್ವ ತೀರಿಕೊಂಡಾಗ ಅವಳಿಗೆ ಸುದ್ದಿ ಮುಟ್ಟಿದ್ದು ಹೊತ್ತು ಇಳಿದ ಮೇಲೆ. ಗಂಡನ ಫಟಫಟಿಯ ಹಿಂದೆ ಕೂತು ಬಿದ್ದೆನೋ ಎದ್ದೆನೋ ಎಂದು ಓಡಿ ಹೋಗುವುದರೊಳಗೆ ಮಣ್ಣಾಗಿತ್ತು. ಅವ್ವನ ಮುಖ ಸಿಗಲಿಲ್ಲ. ಮುದುಕಿಗೆ ಮುಂಜಾನೆಯಿಂದಲೇ ಮೇಲುಸಿರು ಹತ್ತಿತ್ತು, ಮಗಳ ಹೆಸರೇ ಹೇಳುತ್ತಿದ್ದಳು ಎಂದು ಓಣಿಯ ಹೆಂಗಸರು ಹೇಳಿದರು. ಕಸ್ತೂರೆವ್ವ ಒಂದು ಹನಿ ಅಳಲಿಲ್ಲ. ನೆಟ್ಟಗೆ ತಮ್ಮನ ಮುಂದೆ ಹೋಗಿ ನಿಂತಳು: "ಮುಂಜಾನೆ ಒಬ್ಬರ್‍ನ ಕಳಿಸಾಕ ಆಗಲಿಲ್ಲೇನ ನಿನಗ?" ಲಗಮಣ್ಣ ತಲೆ ತಗ್ಗಿಸಿ ನಿಂತ, ಬಾಯಿ ಬಿಡಲಿಲ್ಲ. "ಹಂಗಾರ ನನ್ನ ಪಾಲಿಗೆ ತವರ ಮುಗೀತು ತಗೋ" ಎಂದವಳೇ ತಿರುಗಿ ಬಂದುಬಿಟ್ಟಳು. ಆಮೇಲೆ ಮೂರು ಪಂಚಮಿ ಬಂದು ಹೋದವು. ಪಂಚಮಿಗೆ ಅಕ್ಕತಂಗಿಯರನ್ನು ಅಣ್ಣತಮ್ಮಂದಿರು ಬಂದು ಕರೆದೊಯ್ಯಬೇಕು. ಇವನು ಬರಲಿಲ್ಲ, ಕರೆಯದೆ ಹೋಗುವ ಹೆಂಗಸು ಇವಳಲ್ಲ. ಹಬ್ಬದ ದಿನ ಓಣಿಯ ಹೆಂಗಸರೆಲ್ಲ ತವರಿಗೆ ಹೋದಾಗ ಇವಳೊಬ್ಬಳೇ ಎಮ್ಮೆಯ ಮೈ ತೊಳೆಯುತ್ತ ಕೂತಿರುತ್ತಿದ್ದಳು.

ಈ ವರ್ಷ ಆಷಾಢದಿಂದ ಹೊಸದೊಂದು ನಾಟಕ. "ಮಾಮಾ, ಗಾಡ್ಯಾಗ ನೀರ ನಿಲ್ಲವಲ್ದು" ಎಂದುಕೊಂಡು ಲಗಮಣ್ಣ ಗ್ಯಾರೇಜಿಗೆ ಬರತೊಡಗಿದ. ಒಂದು ಸಲ ಮುರಗೆಪ್ಪ ಪಾನಾ ಹಿಡಿದು ನಟ್ಟು ಬಿಚ್ಚಿ ಹೋಸ್ ಪೈಪು ಬದಲಿಸಿದ, ಇನ್ನೊಂದು ಸಲ ರೇಡಿಯೇಟರಿನ ಮುಚ್ಚಳ ಬದಲಿಸಿದ. ಬಂದವನು ಕಲ್ಲಿನ ಮೇಲೆ ಕೂತು ಮನೆಯ ಬಾಗಿಲನ್ನೇ ನೋಡುತ್ತಾನೆ, ಅಂಗಡಿಯ ಚಹಾ ಕುಡಿಯುತ್ತಾನೆ, ಹೋಗುತ್ತಾನೆ. "ಅಕ್ಕ ಬ್ಯಾಡಾಗ್ಯಾಳ, ಮಾಮಾನ ಪಾನಾ ಅಷ್ಟ ಬೇಕಾಗೇತಿ" ಎಂದು ಕಸ್ತೂರೆವ್ವ ಎಮ್ಮೆಗೆ ಹೇಳುತ್ತಿದ್ದಳು. ತಮ್ಮನ ಜೊತೆ ಮಾತು ಬಿಟ್ಟವಳು, ಹೇಳುವುದನ್ನೆಲ್ಲ ಅವನಿಗೆ ಕೇಳುವ ಹಾಗೆ ಎಮ್ಮೆಗೇ ಹೇಳುತ್ತಿದ್ದಳು.

ಇವತ್ತು ಲಗಮಣ್ಣ ತಾನೇ ರೋಗದ ಹೆಸರನ್ನೂ ತಂದಿದ್ದ. "ಮಾಮಾ, ಹೆಡ್ ಗ್ಯಾಸ್ಕೆಟ್ ಹೋಗೇತಿ ಅನಸ್ತೈತ್ರಿ. ಹಿಂದ ಬೆಳ್ಳಗ ಹೊಗಿ ಬರತೈತಿ. ರೇಡಿಯೇಟರ್‌ದಾಗ ಬುಳಬುಳ ಗುಳ್ಳಿ ಏಳ್ತಾವು. ಆಯಿಲ್ ನೋಡಿದ್ರ ಮಜ್ಜಿಗಿ ಆದಂಗ ಆಗೇತಿ."

ಮುರಗೆಪ್ಪ ಗಡ್ಡ ಕೆರೆದುಕೊಂಡ. ಇಂಜಿನ್ನಿನ ತಲೆಗೂ ಮೈಗೂ ನಡುವೆ ಕೂತ ಒಂದು ತೆಳು ಹಾಳೆ ಅದು. ಅದು ಸುಟ್ಟಿತೋ, ನೀರು ಬೆಂಕಿಯ ಕಡೆ ಹೋಗುತ್ತದೆ, ಬೆಂಕಿಯ ಗಾಳಿ ನೀರಿಗೆ ನುಗ್ಗುತ್ತದೆ, ಎಣ್ಣೆ ನೀರು ಬೆರೆತು ಸಂಸಾರ ಹದಗೆಡುತ್ತದೆ. ಲಕ್ಷಣಗಳನ್ನೇನೋ ಇವನು ಬಾಯಿಪಾಠ ಮಾಡಿದ ಹಾಗೆ ಹೇಳಿದ. "ಖರೇ ಇದ್ರ ತಲೀನ ಬಿಚ್ಚಬೇಕು. ಬಿಚ್ಚೂಕಿಂತ ಮೊದಲ ಖಾತ್ರಿ ಮಾಡ್ಕೊಳ್ಳೂನು. ಆರಲಿ, ತಡಿ" ಎಂದ.

ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿಗೆ ಬಾಯಿತನಕ ನೀರು ತುಂಬಿ, ಮುಚ್ಚಳ ಹಾಕದೆ ಬಿಟ್ಟ. ಇನ್ನು ಒಬ್ಬರು ಒಳಗೆ ಕೂತು ರೇಸ್ ಕೊಡಬೇಕು, ಒಬ್ಬರು ಇಲ್ಲಿ ನಿಂತು ನೀರು ನೋಡಬೇಕು. ಲಗಮಣ್ಣ ಒಳಗೆ ಹೋಗಲು ಹೊರಟರೆ ಮುರಗೆಪ್ಪ ರಟ್ಟೆ ಹಿಡಿದು ನಿಲ್ಲಿಸಿದ. "ನೀ ಎಲ್ಲಿ ಹೊಂಟಿ? ಗುಳ್ಳಿ ಕಂಡಾಂವ ನೀನು, ನೀನ ತೋರಸು. ಏ ಕಸ್ತೂರಿ, ಬಾ ಇಲ್ಲೆ! ರೇಸ್ ಕೊಡು."

ಗಿರಾಕಿಗಳ ಗಾಡಿಗೆ ಅವಳು ಎಷ್ಟೋ ಸಲ ರೇಸ್ ಕೊಟ್ಟವಳು. ಆದರೆ ಇದು ಅಪ್ಪನ ಕಾಲದ ಗಾಡಿ. ಮದುವೆಯಾಗಿ ಈ ಊರಿಗೆ ಬಂದದ್ದು ಇದರಲ್ಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮನ ಕಡೆ ನೋಡದೆ ಬಂದು ಕೂತಳು. ಕೂತ ಮೇಲೆ ತಡೆಯಲಾರದೆ ಒಮ್ಮೆ ಹಿಂದೆ ತಿರುಗಿದಳು. ಹಿಂದಿನ ಸೀಟಿನ ಎಡಗಡೆ ಅವ್ವನ ಜಾಗ. ಗಾಡಿ ಹೊರಟರೆ ಸಾಕು, ಮುದುಕಿ ಎರಡೂ ಕೈಯಲ್ಲಿ ಬಾಗಿಲು ಹಿಡಿದು "ಸಾವಕಾಶ ಹೋಗ್ಯೋ" ಅನ್ನುತ್ತಿದ್ದಳು. ಥೂ, ಯಾರ ಮುಂದೆ ಅಳುವುದು ಎಂದು ಮುಂದೆ ನೋಡಿದಳು. ಎತ್ತಿದ ಬಾನೆಟ್ಟು ಅಡ್ಡವಾಗಿ ತಮ್ಮನ ಮುಖ ಕಾಣಲಿಲ್ಲ, ಒಳ್ಳೆಯದೇ ಆಯಿತು.

"ಕೊಡು!" ಅಂದ ಮುರಗೆಪ್ಪ. ಕೊಟ್ಟಳು. ಇಂಜಿನ್ ಗುಡುಗಿತು. "ಇನ್ನಷ್ಟು! ಹಾಂ, ಬಿಡು." ಬಿಟ್ಟಳು. ಮತ್ತೆ ಕೊಡು, ಮತ್ತೆ ಬಿಡು. ಇಂಜಿನ್ ಚೆನ್ನಾಗಿ ಕಾಯುವ ತನಕ ಇದೇ ನಡೆಯಿತು.

"ಎಲ್ಲಿ ಅದಾವಪಾ ನಿನ್ನ ಗುಳ್ಳಿ?"

"ಬರತಿದ್ದೂ ಮಾಮಾ..." ಲಗಮಣ್ಣನ ದನಿ ಕುಗ್ಗಿತು.

ನೀರಲ್ಲಿ ಒಂದು ಗುಳ್ಳೆ ಇಲ್ಲ. ಮುರಗೆಪ್ಪ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ನೋಡಿದ, ಒಣಗಿದ ಮಸಿ. ಇಂಜಿನ್ ಬಂದ್ ಮಾಡಿಸಿ ಕಡ್ಡಿ ಎಳೆದು ಎಣ್ಣೆ ನೋಡಿದ: ಎಣ್ಣೆ ಎಣ್ಣೆಯ ಹಾಗೇ ಇತ್ತು, ಮಜ್ಜಿಗೆಯ ಸುದ್ದಿಯೇ ಇಲ್ಲ. ಪ್ಲಗ್ಗು ಬಿಚ್ಚಿದರೆ ಅವೂ ಒಣಒಣ. ಮುರಗೆಪ್ಪ ಕೆಳಗೆ ಬಗ್ಗಿ ರೇಡಿಯೇಟರಿನ ಬುಡದಲ್ಲಿ ನೀರು ಹೊರಬಿಡುವ ನಳ ಮುಟ್ಟಿ ನೋಡಿದ. ಸುತ್ತೆಲ್ಲ ತುಕ್ಕು ಹಿಡಿದಿದ್ದರೂ ಅದರ ಕಿವಿ ಮಾತ್ರ ತಿರುಗಿಸಿ ತಿರುಗಿಸಿ ಹೊಳೆಯುತ್ತಿತ್ತು.

"ಇದನ್ಯಾರ ತಿರುವ್ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಲಗಮಣ್ಣ ಕೈ ಧೋತರಕ್ಕೆ ಒರೆಸಿಕೊಂಡ.

"ನೀರ ಎಲ್ಲಿ ಬಿಟ್ಟಿ, ಹೇಳು."

"ಇಲ್ಲೇ... ಹಳ್ಳದ ಬ್ರಿಜ್ಜಿನ ಬಾಜೂಕ."

"ಅಯ್ಯ ನಿನ್ನ! ನೀರಿಲ್ದ ಗಾಡಿ ಹೊಡದ್ರ ಖರೇನ ಸುಡತೈತಲ್ಲೋ ಹುಚ್ಚಪ್ಪ!" ಮುರಗೆಪ್ಪನಿಗೆ ನಗು ತಡೆಯಲಾಗಲಿಲ್ಲ.

ಒಳಗೆ ಕೂತ ಕಸ್ತೂರೆವ್ವನಿಗೆ ಎಲ್ಲ ಕೇಳಿಸಿತು. ಎಮ್ಮೆ ದೂರ ಇತ್ತು, ಗಂಡನೇ ಹತ್ತಿರ ಇದ್ದ. "ಅವಗ ಕೇಳ್ರಿ, ಅಕ್ಕನ ಮನಿಗೆ ಬರಾಕ ಗಾಡೀಗೆ ಜಡ್ಡ ಬರಬೇಕೇನು ಅಂತ!" ಅಂದಳು. ದನಿಯಲ್ಲಿ ಸಿಟ್ಟು ಇತ್ತು, ಆದರೆ ಮೊದಲಿನಷ್ಟು ಇರಲಿಲ್ಲ.

ಮುರಗೆಪ್ಪ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಇಂಜಿನ್ನಿನ ತಲೆಯೂ ಮೈಯೂ ಕೂಡುವ ಗೆರೆಯನ್ನು ಅರಿವೆಯಿಂದ ಒರೆಸಿ, ಕಣ್ಣು ಕಿರಿದು ಮಾಡಿ ನೋಡಿದ. ನಗು ನಿಂತಿತು.

"ಲಗಮಣ್ಣ, ಗ್ಯಾಸ್ಕೆಟ್ ಬದಲಿ ಆಗೇತಲ್ಲೋ. ಅಂಚ ನೋಡು, ತಾಂಬ್ರ ಕಾಣಸ್ತೈತಿ. ಬೋಲ್ಟಿಗೂ ಬ್ಯಾರೆದವರ ಪಾನಾದ ಗುರ್ತ ಅದಾವು. ನಾ ಅಂತೂ ಹಾಕಿಲ್ಲ. ಯಾವಾಗ ಹಾಕ್ಸಿದಿ?"

"ಅಥಣ್ಯಾಗ ಹಾಕಿಸಿದ್ನಿ ಮಾಮಾ," ಎಂದ ಲಗಮಣ್ಣ. ಬೋಲ್ಟಿನ ಕಡೆ ನೋಡುತ್ತ, "ಅವ್ವ ಹೋದ ಮರುವಾರ" ಎಂದ.

ಮುರಗೆಪ್ಪ ಅರಿವೆ ಹಿಡಿದುಕೊಂಡೇ ನಿಂತ. ಬಾನೆಟ್ಟಿನ ಆಚೆಯಿಂದ ಲಗಮಣ್ಣನ ದನಿ ಬಂತು, ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ಗೊತ್ತಿಲ್ಲದ ಹಾಗೆ. "ಅವತ್ತ ಮುಂಜಾನೆ ಅವ್ವ ಅಂದ್ಳು, ಕಸ್ತೂರಿನ್ನ ಕರಕೊಂಡ ಬಾ ಅಂತ. ಬಸ್ಸಿಗೆ ಮಂದಿ ಕಳಸ್ತೀನಿ ಅಂದ್ರ ಬ್ಯಾಡ ಅಂದ್ಳು, ಗಾಡಿ ತಗೊಂಡ ನೀನ ಹೋಗು, ಲಗೂನ ಬರತೀರಿ ಅಂದ್ಳು. ಹೊಂಟ್ನಿ. ಚಿಕ್ಕೋಡಿ ಮುಟ್ಟಲಿಲ್ಲ. ಬೆಳ್ಳಗ ಹೊಗಿ ಬಂತು, ನೀರಾಗ ಗುಳ್ಳಿ ಎದ್ದೂ, ಆಯಿಲ್ ಮಜ್ಜಿಗಿ ಆತು. ಹೊಲದಾನ ಬಾಂವ್ಯಾಗಿಂದ ನೀರ ತಂದ ಹಾಕಿದ್ನಿ, ಮತ್ತ ತಂದ ಹಾಕಿದ್ನಿ. ಈಗ ಹೊಂಡತೈತಿ, ಈಗ ಹೊಂಡತೈತಿ ಅಂತ ಬಿಟ್ಟ ಬರಾಕ ಮನಸಾಗಲಿಲ್ಲ. ಕಡೀಕ ಯಾರದೋ ಟ್ರ್ಯಾಕ್ಟರ್ ಹತ್ತಿ ಹೊಳ್ಳಿ ಬಂದ್ರ... ಅವ್ವ ಇರಲಿಲ್ಲ. ಹಿರ್‍ಯಾರು ಅಕ್ಕ ಬರೂತನಕ ತಡಿಲಿಲ್ಲ, ಮಣ್ಣ ಮಾಡಿದ್ರು."

"ಅವತ್ತ ಯಾಕ ಹೇಳಲಿಲ್ಲಲೇ ಲಗಮ್ಯಾ?" ಮೂರು ವರ್ಷದ ಮೇಲೆ ಕಸ್ತೂರೆವ್ವ ತಮ್ಮನಿಗೇ ನೇರ ಕೇಳಿದಳು.

"ಅವ್ವನ ಮಣ್ಣಿನ ಮುಂದ ನಿಂತು ಗಾಡಿ ಕೆಟ್ಟಿತ್ತು ಅಂತ ಹ್ಯಾಂಗ ಹೇಳ್ಲಿ ಅಕ್ಕಾ? ನನಗ ನನ್ನ ಮಾತ ನೆವಾ ಅನಿಸ್ತು. ಈ ಸಲ ನಿನ್ನ ಕರಿಯಾಕನ ಬಂದೀನಿ, ಪ್ರತಿ ಸಲ ಅದಕ್ಕ ಬಂದೀನಿ. ನಿನ್ನ ಬಾಗಲಾ ಕಂಡ ಕೂಡ್ಲೆ ಬಾಯಿ ಹೊಳ್ಳಲಿಲ್ಲ. ನನಗ ಗೊತ್ತಿದ್ದ ಜಡ್ಡ ಅದೊಂದ. ಅದನ್ನ ಹೇಳ್ಕೋತ ಬಂದ್ನಿ."

ಕಸ್ತೂರೆವ್ವನ ಕೈ ಸ್ಟೇರಿಂಗಿನ ಮೇಲೆ ಇತ್ತು. ಯಾರೂ ಕರೆಯಲು ಹೊರಟೇ ಇರಲಿಲ್ಲ ಎಂದು ಎಷ್ಟು ಕಾಲ ತಮ್ಮನನ್ನು ಶಪಿಸಿದಳು! ಅವನು ಆ ಬಿಸಿಲಲ್ಲಿ ಕೊಡ ಹಿಡಿದುಕೊಂಡು ಬಾವಿಗೂ ಗಾಡಿಗೂ ಓಡಾಡುತ್ತಿದ್ದ. ಅವ್ವ ಬಾಗಿಲು ನೋಡುತ್ತ ಮಲಗಿದ್ದಳು. ಅವ್ವ ತನಗಾಗಿ ಗಾಡಿ ಕಳಿಸಿದ್ದಳು. ಅವಳು ಹಿಂದಿನ ಸೀಟಿನ ಕಡೆ ತಿರುಗಿದಳು, ಆ ದಿನ ತವರಿನ ಅಂಗಳದಲ್ಲಿ ಬಾರದ ಅಳು ಆಗ ಬಂತು.

"ಯವ್ವಾ! ನನ್ನ ಕರಿಯಾಕ ಕಳಿಸಿದ್ದೇನ ನನ್ನವ್ವಾ! ಹಾದ್ಯಾಗ ನಿಂತಿದ್ದನಲ್ಲ ನಿನ್ನ ಮಗಾ! ನಾ ಬರಲಿಲ್ಲಂತ ನೊಂದಕೊಂಡ ಹೋದೇನ ಯವ್ವಾ! ಬರಾಕತ್ತೀನಿ, ತಮ್ಮನ ಕೂಡ ಬರಾಕತ್ತೀನಿ..." ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವ ಹಾಗೆ ಎದೆ ಬಡಿದುಕೊಂಡು ಅತ್ತಳು. ಲಗಮಣ್ಣ ಬಾನೆಟ್ಟು ದಾಟಿ ಬಂದು, ತೆರೆದ ಬಾಗಿಲ ಹತ್ತಿರ ನೆಲದಲ್ಲಿ ಕೂತು ಅಕ್ಕನ ತೊಡೆಗೆ ತಲೆ ಇಟ್ಟ.

ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಪಕ್ಕದ ಮನೆಯ ಲಕ್ಕವ್ವ ಗಾಬರಿಯಾಗಿ ನಿಂತಳು. "ಏನಾತ್ರಿ ಮುರಗೆಪ್ಪಣ್ಣ?"

"ಇಕಿ ಅವ್ವ ತೀರಿಕೊಂಡಾಳ."

"ಯಾವಾಗ್ರೀ?"

ಮುರಗೆಪ್ಪ ಕಣ್ಣೊರೆಸಿಕೊಂಡ. "ಮೂರ ವರ್ಷ ಆತವಾ. ಸುದ್ದಿ ಈಗ ಮುಟ್ಟೇತಿ."

ಲಕ್ಕವ್ವ ಮತ್ತೇನೂ ಕೇಳಲಿಲ್ಲ. ಹೊರೆ ಅಲ್ಲೇ ಇಳಿಸಿ, ಹೋಗಿ ಕಸ್ತೂರೆವ್ವನ ಕೊರಳಿಗೆ ಬಿದ್ದು ತಾನೂ ಅಳತೊಡಗಿದಳು.