ವೀರಪತ್ನಿಯ ಪಕ್ಕದ ಸೀಟು

ಚೆಂಡುಹೂವಿನ ದಳವೊಂದು ಅವಳ ಭುಜದಿಂದ ಜಾರಿ ನನ್ನ ಮಡಿಲಿಗೆ ಬಿತ್ತು, ಕೊಡವಿದೆ, ಹಸಿ ಘಾಟು ಬೆರಳಿಗೆ ಅಂಟಿಕೊಂಡಿದೆ, ಬಂಗಾರಪೇಟೆ ಸ್ಟೇಷನ್ ಹಿಂದಕ್ಕೆ ಸರಿಯುತ್ತಿದೆ, ಅಮ್ಮಾಜಮ್ಮ ಹಾರವನ್ನು ಇನ್ನೂ ಕತ್ತಿನಿಂದ ತೆಗೆದಿಲ್ಲ — ತೆಗೆಯೇ, ರೈಲಿನಲ್ಲಿ ಎಲ್ಲರೂ ನೋಡುತ್ತಾರೆ ಅನ್ನಬೇಕು, ಅನ್ನುವುದಿಲ್ಲ, ಅಂದರೆ ಈ ಪಿಳ್ಳಮ್ಮನಿಗೆ ಹೊಟ್ಟೆಯುರಿ ಅಂದುಕೊಂಡಾಳು, ಉರಿಯೇನೋ ಹೌದು, ಬೆಳಿಗ್ಗೆ ಮೈದಾನದ ಆ ಸನ್ಮಾನದ ಪೆಂಡಾಲಿನಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಜಮಖಾನದ ಮೇಲೆ ಕೂರಿಸಿದಾಗಿನಿಂದ ಉರಿಯುತ್ತಿದೆ. ಜೊತೇಲಿ ಬಾರಕ್ಕ, ಒಬ್ಳೇ ಓಗಕ್ಕೆ ಭಯ ಆಯ್ತದೆ ಅಂತ ಆಂಡರ್ಸನ್‌ಪೇಟೆಯಿಂದ ಗಣಿಯವರು ಕೊಟ್ಟ ನನ್ನ ಲೈನ್ ಮನೆಯವರೆಗೆ ಬಂದು ಕರೆದಳು, ಇಲ್ಲ ಅನ್ನಲಾಗಲಿಲ್ಲ, ಅವಳಿಗೆ ನನ್ನ ಬಿಟ್ಟರೆ ಯಾರಿದ್ದಾರೆ, ನನಗೆ ತಾನೆ ಯಾರು. ಪೆಂಡಾಲಿನಲ್ಲಿ ಮೈಕಿನವನು ಕೂಗುತ್ತಾನೆ, ಹೋದ ವರ್ಷದ ಯುದ್ಧದಲ್ಲಿ ದೇಶಕ್ಕಾಗಿ ಪ್ರಾಣ ಕೊಟ್ಟ ನಾಯಕ್ ಆದಿನಾರಾಯಣ, ಅವರ ತಂದೆ ಬರ್ಮಾದಲ್ಲಿ ಕಾದಿದವರು, ತಾತ ಬಸ್ರಾದಲ್ಲಿ, ಮೂರು ತಲೆಮಾರಿನ ವೀರರ ವಂಶ, ಅವರ ಧರ್ಮಪತ್ನಿ ಅಮ್ಮಾಜಮ್ಮನವರು ಈಗ ವೇದಿಕೆಗೆ — ಮೆಡಲು ತೂಗಿಸಿಕೊಂಡ ಮುದುಕ ಸಿಪಾಯಿಗಳೆಲ್ಲ ಎದ್ದು ಸೆಲ್ಯೂಟ್ ಹೊಡೆದರು, ಒಬ್ಬನಿಗೆ ಒಂದು ಕಾಲೇ ಇಲ್ಲ, ಊರುಗೋಲನ್ನು ಕಂಕುಳಿಗೆ ಕೊಟ್ಟುಕೊಂಡು ಅವನೂ ಎದ್ದ, ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳಲ್ಲ, ಆದರೆ ಅದು ಆರುವ ಮೊದಲೇ ಒಳಗಿನಿಂದ ಏನೋ ಕಚ್ಚಿತು, ವಂಶವಂತೆ, ನಮ್ಮದು ವಂಶವಲ್ಲವೇ, ನನ್ನ ಗಂಡನ ತಾತ ಗಣಿಯ ಬಾಯಿ ತೋಡಿದವನು, ನಮ್ಮ ಮಾವ ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದವನು, ನನ್ನ ಗಂಡ ಕೋದಂಡಪ್ಪ ಮೂರು ವರ್ಷದ ಕೆಳಗೆ ನೆಲದಡಿಯಲ್ಲಿ ಬಂಡೆ ಸಿಡಿದು ಸತ್ತವನು, ಅವರಿಗೆ ಯಾವ ಮುದುಕ ಎದ್ದು ನಿಂತ. ತಾಯಂದಿರು ಮೈಮೇಲಿನ ಬಂಗಾರ ಬಿಚ್ಚಿ ಯುದ್ಧಕ್ಕೆ ಕೊಟ್ಟರು ಅಂದಾಗ ಚಪ್ಪಾಳೆಯೋ ಚಪ್ಪಾಳೆ, ಆ ಬಂಗಾರವನ್ನು ಕತ್ತಲಿಂದ ಮೇಲಕ್ಕೆ ತಂದವನು ಯಾರು ಅಂತ ಒಬ್ಬರೂ ಕೇಳಲಿಲ್ಲ, ನಾನೂ ಚಪ್ಪಾಳೆ ತಟ್ಟಿದೆ, ಪಕ್ಕದವಳು ನೋಡುತ್ತಿದ್ದಳು.

ಅವಳ ಗಂಡ, ನನ್ನ ಗಂಡ, ಇಬ್ಬರೂ ಬೇತಮಂಗಲದಿಂದ ಒಂದೇ ದಿನ ಸೈನ್ಯದ ಭರ್ತಿಗೆ ಹೋದವರು, ಆದಿನಾರಾಯಣನ ಎದೆ ಅಳತೆಗೆ ಸರಿಬಂತು, ನಮ್ಮವನದು ಬೆರಳಷ್ಟು ಕಡಿಮೆ, ಉಸ್ರು ಕಟ್ಟಿ ಉಬ್ಬಿಸ್ದೆ ಕಣೆ, ಆದ್ರೂ ಟೇಪು ತುಂಬ್ಲಿಲ್ಲ ಅಂತ ನಗುತ್ತಾ ಹೇಳುತ್ತಿದ್ದ, ನಗು ಬಾಯಲ್ಲಿ ಮಾತ್ರ, ಆದಿನಾರಾಯಣ ರಜೆಗೆ ಬಂದಾಗಲೆಲ್ಲ ಅವನ ಬೂಟು ಹಾಕಿಕೊಂಡು ಅಂಗಳದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುತ್ತಿದ್ದ, ಟಕ್ ಟಕ್, ಬಿಚ್ಚಿ ಕೊಡುವಾಗ ಅಂಗಿಯ ತುದಿಯಿಂದ ಒರೆಸಿ ಕೊಡುತ್ತಿದ್ದ, ಆಗ ನನಗೆ ಅಮ್ಮಾಜಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ಅವಳ ಗೋಡೆಯಲ್ಲಿ ಸಮವಸ್ತ್ರದ ಫೋಟೊ ಇದೆ, ಬಂದವರೆಲ್ಲ ಕೈಮುಗಿಯುತ್ತಾರೆ, ನನ್ನ ಗೋಡೆಯಲ್ಲಿ ಅವನು ಅಂಗಿ ತಗುಲಿಸುತ್ತಿದ್ದ ಮೊಳೆ. ಸಾವಿನಲ್ಲೂ ಅವಳದೇ ದೊಡ್ಡದು, ಛೀ ಎಂಥ ಯೋಚನೆ, ಆದರೂ ದೊಡ್ಡದೇ — ಅಕ್ಕ, ಅಂದಳು ಅಮ್ಮಾಜಮ್ಮ. ಏನೇ. ಕೋದಂಡಣ್ಣನ್ನ ಮನೆಗ್ ತಂದಾಗ ನೀನೇ ತಾನೆ ಮಕ ತೊಳ್ದಿದ್ದು. ಊಂ. ಎಂಗಿತ್ತಕ್ಕ. ನಾನು ಕಿಟಕಿಯ ಕಡೆ ತಿರುಗುತ್ತೇನೆ, ಅವಳು ಬಿಡುವುದಿಲ್ಲ, ನನ್ನ ಕೈ ಹಿಡಿದುಕೊಂಡು ಬೆರಳುಗಳನ್ನೇ ನೋಡುತ್ತಾಳೆ, ನಂಗೆ ಬರೀ ಟ್ರಂಕು ಬಂತಕ್ಕ, ಅವರ್ನ ಅಲ್ಲೇ ಸುಟ್ರು ಅಂದ್ರು, ಟ್ರಂಕ್ನಾಗೆ ಅವರ ಬಟ್ಟೆ ಇತ್ತು, ಒಗ್ದು ಮಡ್ಸಿಬಿಟ್ಟಿದ್ರು, ಮೂಗಿಗಿಟ್ಕೊಂಡ್ರೆ ಬರೀ ಸೋಪಿನ ವಾಸ್ನೆ, ಏಳಕ್ಕ, ಮಕ ತಣ್ಗಿರ್ತದಾ, ಕಣ್ಣು ತಾನಾಗೇ ಮುಚ್ಚಿರ್ತದಾ, ನಾವು ಮುಚ್ಬೇಕಾ.

ಹೇಳಬಹುದು, ಎಲ್ಲ ಹೇಳಬಹುದು, ಹೇಳಿದರೆ ಇವಳು ಅದನ್ನು ಮನೆಗೆ ಒಯ್ದು ಅದರೊಳಗೆ ಆದಿನಾರಾಯಣನ ಮುಖ ಇಟ್ಟುಕೊಳ್ಳುತ್ತಾಳೆ, ಸೆಲ್ಯೂಟು ಸಿಕ್ಕಿತು, ತಾತನ ಕಥೆ ಮೈಕಿನಲ್ಲಿ ಬಂತು, ಇದನ್ನೂ ಕೊಡಬೇಕೆ, ಇದೊಂದು ನನ್ನದು. ಜ್ಞಾಪಕ ಇಲ್ಲ ಕಣೆ ಅಂದೆ. ಅವಳು ಕೈ ಬಿಟ್ಟಳು, ಮೆಲ್ಲಗೆ, ಕೋಪದಿಂದಲ್ಲ, ರೈಲು ಊರಿಗಾಂ ಕಡೆ ತಿರುಗುತ್ತಿದೆ, ಗಣಿಯ ಬಿಳಿ ಮಣ್ಣಿನ ಗುಡ್ಡಗಳು, ಇಲ್ಲ ಅಂದ ಬಾಯಿ ಒಣಗಿದೆ, ಕೈ ಮಾತ್ರ ಒದ್ದೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಕೋದಂಡಪ್ಪನ ಕಿವಿಯ ಸುಳಿಯೊಳಗೆ ತಿರುವುತ್ತಿದ್ದೇನೆ, ಬೂದು ಬಣ್ಣದ ಧೂಳು, ಚೊಂಬಿನ ನೀರಿಗೆ ಅದ್ದಿ ಒರೆಸುತ್ತೇನೆ, ಮತ್ತೆ ಧೂಳು, ಮಗ್ಗುಲಲ್ಲಿ ಯಾರೋ ಅಳುತ್ತಿದ್ದಾರೆ, ಅಂದೋ ಇಂದೋ, ತಿರುಗಿ ನೋಡುವುದಿಲ್ಲ, ಅದ್ದುತ್ತೇನೆ, ಒರೆಸುತ್ತೇನೆ, ಎಷ್ಟು ಒರೆಸಿದರೂ ಧೂಳು, ಕಿವಿ, ಆ ತಣ್ಣನೆಯ ಕಿವಿ —